ಮೆಣಸಿನ ಗಿಡಕ್ಕೆ ಚುಕ್ಕೆ ಬಿದ್ದ ಮಳೆಗಾಲ

ಹೋದ ವಾರ ಬೆಳಿಗ್ಗೆ ಹಾಲು ತರಲು ಹೊರಟವಳು ವಿನೋಬನಗರದ ನಮ್ಮ ಬೀದಿಯ ತಿರುವಿನಲ್ಲಿ ನಿಂತುಬಿಟ್ಟೆ. ಯಾರದೋ ಅಂಗಳದಲ್ಲಿ ಸುಣ್ಣದ ಕಲ್ಲಿಗೆ ನೀರು ಹಾಕಿದ್ದರು. ಸುಣ್ಣ ಕೊತಕೊತ ಕುದಿದು ಅರಳುವಾಗ ಒಂದು ಬಿಸಿ ವಾಸನೆ ಏಳುತ್ತದೆ, ಮೂಗಿನೊಳಗೆ ಒಗರಾಗಿ ನಿಲ್ಲುತ್ತದೆ. ಗೇಟಿನಾಚೆ ಇಣುಕಿದರೆ ಪಕ್ಕದಲ್ಲೇ ಬಕೆಟ್ಟಿನ ತುಂಬ ಮೈಲುತುತ್ತ ಕರಗಿದ ನೀಲಿ ನೀರು. ಮನೆಯಾಕೆ ನನ್ನನ್ನು ನೋಡಿ, "ಟೊಮೆಟೊ ಗಿಡಕ್ಕೆ ಹೊಡೆಯೋಕೆ ಅಜ್ಜಿ, ಎಲೆ ಎಲ್ಲಾ ಚುಕ್ಕೆ ಚುಕ್ಕೆ ಆಗ್ಬಿಟ್ಟಿದೆ" ಅಂದಳು. ಆ ಹುಡುಗಿಗೆ ನಾಲ್ಕು ಮಾತು ಹೇಳಿ ಬಂದೆ. ಆದರೆ ಮನಸ್ಸು ಮನೆಗೆ ಬರಲಿಲ್ಲ. ಅದು ಭದ್ರಾವತಿಗೆ ಹೋಗಿತ್ತು, ನಾನು ಮದುವೆಯಾಗಿ ಹೋದ ಮೇಲಿನ ಮೊದಲ ಮಳೆಗಾಲಕ್ಕೆ.

ಆಗ ಅರವತ್ತರ ದಶಕ ಶುರುವಾಗಿತ್ತಷ್ಟೇ. ನಮ್ಮ ಮನೆಯವರಿಗೆ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸ. ಕರಗಿದ ಲೋಹದ ಮಾದರಿ ತಂದು ಪರೀಕ್ಷೆ ಮಾಡುವುದು. ನಮಗೆ ಕೊಟ್ಟಿದ್ದ ಮನೆ ಸಾಲುಮನೆಗಳಲ್ಲಿ ಒಂದು. ಮುಂದೆ ಅಷ್ಟು ಅಂಗಳ, ಹಿಂದೆ ಒಂದು ಪಟ್ಟಿ ಹಿತ್ತಿಲು. ಮಳೆ ಬರಲಿ ಬಿಸಿಲು ಬರಲಿ ಸೈರನ್ನು ಹೊತ್ತಿಗೆ ಸರಿಯಾಗಿ ಕೂಗುತ್ತಿತ್ತು, ಒಗೆದು ಹಾಕಿದ ಬಿಳಿ ಬಟ್ಟೆಯ ಮೇಲೆ ಮಸಿ ಕೂರುತ್ತಿತ್ತು. ಆ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ನಲ್ಲಿಯ ಮುಂದೆ ಜಗಳವಾಡುತ್ತಿದ್ದವು.

ಮನೆಯಲ್ಲಿ ನಾವು ಮೂವರು. ನಾನು, ಅವರು, ಅತ್ತೆ ಗೌರಮ್ಮ. ಅತ್ತೆಯ ಊರು ಮಾವಿನಗದ್ದೆ ಹಿಂದಿನ ವರ್ಷವಷ್ಟೇ ಅಣೆಕಟ್ಟೆಯ ನೀರಿಗೆ ಹೋಗಿತ್ತು. ಮಾವ ಆ ಮೊದಲೇ ತೀರಿಕೊಂಡಿದ್ದರು. ಊರಿನವರೆಲ್ಲ ಎಲ್ಲೆಲ್ಲಿಗೋ ಚದುರಿದಾಗ ಅತ್ತೆ ಮಗನ ಮನೆಗೆ ಬಂದರು. ತಂದದ್ದು ಒಂದು ಟ್ರಂಕು, ಮಾವನ ಪೂಜೆಯ ಸಾಮಾನು, ಬೂದಿಯಲ್ಲಿ ಬೆರೆಸಿ ಕುಡಿಕೆಯಲ್ಲಿಟ್ಟ ಮೆಣಸಿನ ಬೀಜ.

ಅತ್ತೆ ಕೆಟ್ಟವರಲ್ಲ, ಆದರೆ ಮಾತಿಲ್ಲ. "ಊಟ ಮಾಡು", "ಬಾಗಿಲು ಹಾಕು", ಇಷ್ಟೇ. ನಾನು ಶಿವಮೊಗ್ಗದ ತುಂಬಿದ ಮನೆಯಲ್ಲಿ ಬೆಳೆದವಳು, ಇಂಟರ್‌ಮೀಡಿಯೆಟ್‌ವರೆಗೆ ಓದಿದವಳು, ಮಾತಿಲ್ಲದೆ ಇದ್ದು ಗೊತ್ತಿಲ್ಲದವಳು. ನನ್ನಿಂದ ಏನು ತಪ್ಪಾಗಿದೆಯೋ ಎಂದು ಒಳಗೊಳಗೇ ಹೆದರುತ್ತಿದ್ದೆ. ಅವರ ಮುಖ ಅರಳುತ್ತಿದ್ದದ್ದು ಹಿತ್ತಿಲಿನಲ್ಲಿ ಮಾತ್ರ. ಆ ಬೀಜ ಹಾಕಿ, ಸಸಿ ಎಬ್ಬಿಸಿ, ಎರಡು ಸಾಲು ಮೆಣಸಿನ ಗಿಡ ಮಾಡಿದ್ದರು. ಗಿಡ್ಡ ಕಾಯಿ, ಮೊಂಡು ತುದಿ. ಹಣ್ಣಾದರೆ ಕುಂಕುಮದ ಬಣ್ಣ. ಖಾರ ನಾಲಿಗೆಗೆ ತಡವಾಗಿ ಹತ್ತುತ್ತಿತ್ತು, ಹತ್ತಿದ ಮೇಲೆ ಬಿಡುತ್ತಿರಲಿಲ್ಲ. ಹೊತ್ತು ಇಳಿದ ಮೇಲೆ ಅತ್ತೆ ಚೊಂಬಿನಲ್ಲಿ ನೀರು ಹಿಡಿದು ಕೈಯಿಂದ ಎಲೆಗಳ ಮೇಲೆ ಚಿಮುಕಿಸುವರು. ಕಾರ್ಖಾನೆಯ ಮಸಿ ಕೂತಿದ್ದರೆ ಒಂದೊಂದೇ ಎಲೆಯನ್ನು ಬೆರಳಿನಿಂದ ಸವರಿ ತೊಳೆಯುವರು, ಮಗುವಿನ ಮುಖ ಒರೆಸಿದ ಹಾಗೆ.

ಆರಿದ್ರೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬಿಡುವು ಕೊಟ್ಟರೆ ಅರ್ಧ ಗಂಟೆ, ಮತ್ತೆ ಸುರಿತ. ಒಂದು ದಿನ ಚಟ್ನಿಗೆ ನಾಲ್ಕು ಕಾಯಿ ಕೊಯ್ಯಲು ಹೋದವಳು ಎಲೆಗಳ ಮೇಲೆ ಎಣ್ಣೆ ಸಿಡಿದ ಹಾಗೆ ಸಣ್ಣ ಸಣ್ಣ ಗುರುತು ನೋಡಿದೆ. ಮಳೆಹನಿ ಎಂದುಕೊಂಡು ಒರೆಸಿದರೆ ಹೋಗಲಿಲ್ಲ. ಕೆಲವೇ ದಿನಗಳಲ್ಲಿ ಅವು ಕಂದು ಚುಕ್ಕೆಗಳಾದವು, ನಡುವೆ ಒಣಹುಲ್ಲಿನ ಬಣ್ಣ, ಸುತ್ತ ಹಳದಿ. ಆಮೇಲೆ ಎಲೆ ಹಣ್ಣಾಗಿ ಬೀಳತೊಡಗಿತು. ಬೆಳಿಗ್ಗೆ ಎದ್ದು ನೋಡಿದರೆ ಬುಡದ ತುಂಬ ಎಲೆ, ಮೇಲೆ ಬರೀ ಕಡ್ಡಿ ಮತ್ತು ಕಾಯಿ. ಕಾಯಿಯ ಮೇಲೂ ಕಜ್ಜಿಯಂತೆ ಒರಟು ಗುಳ್ಳೆ.

ಅತ್ತೆ ದೃಷ್ಟಿ ತೆಗೆದರು. ಬೂದಿ ಎರಚಿದರು. ಹುಳಿಮಜ್ಜಿಗೆ ನೀರು ಮಾಡಿ ಚಿಮುಕಿಸಿದರು. ಇನ್ನೂ ಹೆಚ್ಚು ಹೊತ್ತು ಗಿಡಗಳ ನಡುವೆ ಕೂತು ಎಲೆ ಸವರಿದರು. ಚುಕ್ಕೆ ಒಂದು ಗಿಡದಿಂದ ಇನ್ನೊಂದಕ್ಕೆ ಸಾಲು ಹಿಡಿದು ಹೋಯಿತು. ಊಟಕ್ಕೆ ಕೂತರೆ ಅನ್ನ ಕಲಸಿ ಹಾಗೇ ಬಿಡುತ್ತಿದ್ದರು. ನಮ್ಮ ಮನೆಯವರು, "ಅವ್ವ, ಪೇಟೆಯಲ್ಲಿ ಬೇಕಾದಷ್ಟು ಮೆಣಸಿನ ಸಸಿ ಸಿಗ್ತವೆ, ತಂದು ಹಾಕೋಣ" ಅಂದರು. ಅತ್ತೆ ತಲೆ ಎತ್ತಲಿಲ್ಲ.

"ಪೇಟೆಯಲ್ಲಿ ಮಾವಿನಗದ್ದೆ ಸಿಗುತ್ತೇನೋ?" ಎಂದಷ್ಟೇ ಕೇಳಿದರು.

ಆ ಹೊತ್ತಿಗೆ ನನಗೆ ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರು ನೆನಪಾದರು. ಅನಂತರಾಮಯ್ಯ ಎಂದು ಹೆಸರು. ತರಗತಿಯಲ್ಲಿ ಮಹಾ ಸಿಟ್ಟಿನವರು, ಆದರೆ ಯಾರಾದರೂ ಒಂದು ಎಲೆ ಹಿಡಿದು ಹೋದರೆ ಗಡಿಯಾರ ಮರೆಯುವವರು. ಶಿವಮೊಗ್ಗಕ್ಕೆ ಹೋಗಿ ಅವರಿಗೆ ತೋರಿಸಿ ಬರುತ್ತೇನೆ ಎಂದು ಅತ್ತೆಗೆ ಹೇಳಿದೆ. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ.

"ನಾನೂ ಬರ್ತೀನಿ," ಅಂದರು ಅತ್ತೆ. "ಕಾಯಿಲೆ ಯಾರದ್ದೋ ಅವರ ಮನೆಯವರು ಜೊತೆಗೆ ಹೋಗ್ಬೇಕು."

ಚುಕ್ಕೆ ಬಿದ್ದ ಎಲೆ, ಕಾಯಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು ರೈಲು ಹತ್ತಿದೆವು. ಅತ್ತೆ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕಿಟಕಿಯಿಂದ ಎರಚಲು ಬರುತ್ತಿತ್ತು, ಸೆರಗು ಮುಚ್ಚಿ ಕೂತಿದ್ದರು. ಕಾಲೇಜಿನ ಮೆಟ್ಟಿಲು ಹತ್ತುವಾಗ ಒಂದು ಕ್ಷಣ ನಿಂತು, "ನನ್ನನ್ನ ಒಳಗೆ ಬಿಡ್ತಾರಾ?" ಎಂದು ಕೇಳಿದರು. ನಾನು ಅವರ ಕೈ ಹಿಡಿದೆ. ಅತ್ತೆಯ ಕೈ ಹಿಡಿದದ್ದು ಅದೇ ಮೊದಲು.

ಮೇಷ್ಟ್ರು ನನಗೆ ನಮಸ್ಕಾರ ಹೇಳುವಷ್ಟೂ ಪುರುಸೊತ್ತು ಕೊಡಲಿಲ್ಲ. ಡಬ್ಬಿ ತೆರೆದು ಒಂದು ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುವಿ ಅಡಿಭಾಗ ನೋಡಿದರು. "ಬೂಷ್ಟಿನ ರೋಗ ಆಗಿದ್ದರೆ ಇಲ್ಲಿ ಪುಡಿಯೋ ನೂಲೋ ಕಾಣ್ಬೇಕಿತ್ತು. ಇಲ್ಲ. ಎಳೆ ಚುಕ್ಕೆ ನೋಡಿ, ಬೆಳಕಿಗೆ ಹಿಡಿದರೆ ನೀರು ತುಂಬಿದ ಹಾಗಿದೆ," ಎಂದು ತಮಗೆ ತಾವೇ ಹೇಳಿಕೊಂಡರು. ಬ್ಲೇಡಿನಿಂದ ಚುಕ್ಕೆಯ ಅಂಚು ಕತ್ತರಿಸಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕಕ್ಕೆ ಏರಿಸಿದರು. ಬಹಳ ಹೊತ್ತು ಕಣ್ಣಿಟ್ಟಿದ್ದು, ಎದ್ದು, ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು.

"ಬನ್ನಿ ತಾಯಿ, ನೀವೇ ನೋಡಿ."

ಅತ್ತೆ ಸೆರಗು ಹಿಂದಕ್ಕೆ ಸರಿಸಿ ಬಗ್ಗಿದರು. ಮೊದಲು ಯಾವ ಕಣ್ಣು ಮುಚ್ಚಬೇಕೆಂದು ತಿಳಿಯಲಿಲ್ಲ. ಆಮೇಲೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು.

"ಎಲೆಯಿಂದ ಹೊಗೆ ಬಂದ ಹಾಗೆ ಏನೋ ಹೊರಗೆ ಬರ್ತಿದೆ."

"ಅದು ಹೊಗೆ ಅಲ್ಲ. ಬ್ಯಾಕ್ಟೀರಿಯ ಅಂತ, ಕಣ್ಣಿಗೆ ಕಾಣದ ಜೀವಿ. ಲಕ್ಷಾಂತರ ಒಟ್ಟಿಗೆ ಈಚೆ ಬರ್ತಿವೆ. ಇವೇ ನಿಮ್ಮ ಗಿಡ ತಿಂತಿರೋದು."

"ಇವು ಬಂದದ್ದೆಲ್ಲಿಂದ ಸ್ವಾಮಿ?"

ಮೇಷ್ಟ್ರು ಸ್ಟೂಲು ಎಳೆದು ಅತ್ತೆಯನ್ನು ಕೂರಿಸಿ ತಾವು ನಿಂತುಕೊಂಡೇ ಹೇಳಿದರು. ಬೀಜದ ಮೈಗೆ ಅಂಟಿಕೊಂಡು ಬಂದಿರಬಹುದು. ಒಂದು ಗಿಡಕ್ಕೆ ಬಂದರೆ ಮಳೆಹನಿ ಸಿಡಿದು ಪಕ್ಕದ ಗಿಡಕ್ಕೆ ಹೋಗುತ್ತದೆ. ಎಲೆ ಒದ್ದೆ ಇರುವಾಗ ಮುಟ್ಟಿದ ಕೈ, ತಾಗಿದ ಬಟ್ಟೆ, ಕುಡುಗೋಲು, ಎಲ್ಲವೂ ಅದನ್ನು ಹೊತ್ತುಕೊಂಡು ಹೋಗುತ್ತವೆ. ಹೀಗೆ ಹೇಳುತ್ತಾ, "ನೀರು ಹೇಗೆ ಹಾಕ್ತೀರಿ?" ಎಂದು ಕೇಳಿದರು.

ನಾನು ನೆಲ ನೋಡುತ್ತಿದ್ದೆ. ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಹಾಗಾದ್ರೆ ನಾನೇ ಹಚ್ಚಿದ್ದು ಅನ್ನಿ. ದಿನಾ ಒಂದೊಂದು ಎಲೆ ಮುಟ್ಟಿ ತೊಳೀತಿದ್ದೆ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ತರಗತಿಯಲ್ಲಿ ಡಸ್ಟರ್ ಎಸೆಯುತ್ತಿದ್ದ ಮನುಷ್ಯ ಇವರೇನಾ ಅನ್ನುವಷ್ಟು ಮೆಲ್ಲಗೆ ಹೇಳಿದರು: "ತಾಯಿ, ಮುಟ್ಟದೇ ಇದ್ದವರ ಗಿಡಕ್ಕೂ ಈ ಮಳೆಯಲ್ಲಿ ಬಂದಿದೆ. ನೀವು ದಿನಾ ಮುಟ್ಟಿದ್ದಕ್ಕೇ ಇಷ್ಟು ಬೇಗ ಗೊತ್ತಾಗಿದೆ. ಇಲ್ಲದಿದ್ದರೆ ಆ ಬೀಜವನ್ನೇ ಮತ್ತೆ ಬಿತ್ತಿ ಮುಂದಿನ ವರ್ಷವೂ ಅಳ್ತಿದ್ರಿ."

ಔಷಧಿಯ ಬಗ್ಗೆ ಅವರು ಸುಳ್ಳು ಆಸೆ ಹುಟ್ಟಿಸಲಿಲ್ಲ. ಮೈಲುತುತ್ತ, ಸುಣ್ಣದ ಸಿಂಪಡಣೆ ರೋಗ ಹರಡುವುದನ್ನು ತಡೆಯಬಹುದು, ಬಂದದ್ದನ್ನು ವಾಸಿ ಮಾಡುವುದಿಲ್ಲ. ಇಷ್ಟು ಕೆಟ್ಟ ಗಿಡಗಳನ್ನು ಕಿತ್ತು ಸುಡಬೇಕು, ಬಿದ್ದ ಎಲೆಯನ್ನೂ ಬಿಡಬಾರದು. ಆ ಮಣ್ಣಿನಲ್ಲಿ ಒಂದೆರಡು ವರ್ಷ ಮೆಣಸು, ಟೊಮೆಟೊ ಬೇಡ. ಬೀಜ ಉಳಿದಿದ್ದರೆ ಐವತ್ತು ಡಿಗ್ರಿ ಬಿಸಿಯ ನೀರಿನಲ್ಲಿ ಅರ್ಧ ಗಂಟೆಯ ಹತ್ತಿರ ಇಟ್ಟು ತೆಗೆಯಬೇಕು. ಬಿಸಿ ಹೆಚ್ಚಾದರೆ ಬೀಜ ಸಾಯುತ್ತದೆ, ಕಡಿಮೆಯಾದರೆ ರೋಗ ಸಾಯುವುದಿಲ್ಲ. "ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ. ಮೊದಲು ಪೇಟೆಯ ಬೀಜದಲ್ಲಿ ಕೈ ಪಳಗಿಸಿಕೊಳ್ಳಿ," ಅಂದರು.

ವಾಪಸು ಬರುವಾಗ ರೈಲಿನಲ್ಲಿ ಅತ್ತೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಭದ್ರಾವತಿ ಹತ್ತಿರ ಬಂದಾಗ, "ಅಮುದಮ್ಮನಿಗೆ ಹೇಳ್ಬೇಕು," ಅಂದರು.

ಅಮುದಮ್ಮ ನಮ್ಮ ಪಕ್ಕದ ಮನೆಯವರು. ತಮಿಳಿನವರು, ಗಂಡ ಎರಕದ ಕೆಲಸದಲ್ಲಿದ್ದರು. ಅವರ ಹಿತ್ತಿಲಿನ ಟೊಮೆಟೊ ಎಂದರೆ ಇಡೀ ಸಾಲಿಗೇ ಹೆಸರು. ನಡುವೆ ಇದ್ದದ್ದು ಒಂದು ಕಡ್ಡಿಯ ಬೇಲಿ. ಅವರ ಟೊಮೆಟೊ ಎಲೆಯಲ್ಲೂ ಚುಕ್ಕೆ ಕಾಣಿಸಿಕೊಂಡು, ಕಾಯಿಯ ಮೇಲೆ ಕಜ್ಜಿ ಎದ್ದು, ಕಾರ್ಖಾನೆಯ ಹೊಗೆಯಿಂದಲೇ ಹೀಗಾಯಿತು ಎಂದು ಅವರು ದಿನಾ ಬೈದುಕೊಳ್ಳುತ್ತಿದ್ದರು. ನಾವು ಸುಮ್ಮನಿದ್ದರೆ ತಪ್ಪು ಹೊಗೆಯ ಮೇಲೇ ಹೋಗುತ್ತಿತ್ತು. ನಮ್ಮ ಮನೆಯವರೂ ಅದನ್ನೇ ಹೇಳಿದರು. ಅತ್ತೆ ಕೇಳಲಿಲ್ಲ. ಸೀರೆ ಬದಲಿಸಿ, ನನ್ನನ್ನು ಕರೆದುಕೊಂಡು ಮುಂಬಾಗಿಲಿಂದಲೇ ಹೋದರು.

"ಅಮುದಮ್ಮ, ನಿನ್ನ ಟೊಮೆಟೊಗೆ ರೋಗ ನಮ್ಮ ಮೆಣಸಿನ ಗಿಡದಿಂದ ಬಂದಿರ್ಬೇಕು. ನನ್ನ ಬೀಜದಲ್ಲಿತ್ತು. ಬೇಲಿ ಹತ್ತಿರ ನಿನ್ನ ಗಿಡಾನೂ ನಾನು ಮುಟ್ಟಿದೀನಿ. ಎರಡೂ ಕಡೆಯದ್ದನ್ನೂ ಕಿತ್ತು ಸುಡ್ಬೇಕಂತೆ."

ಹರಟೆಮಲ್ಲಿ ಅಮುದಮ್ಮ ತಿರುಗಿ ಒಳಗೆ ಹೋಗಿಬಿಟ್ಟರು. ಮುಂಬಾಗಿಲಲ್ಲಿ ನಾವಿಬ್ಬರೂ ನಿಂತೇ ಇದ್ದೆವು. ಆಮೇಲೆ ಬಂದು, ತಲೆ ತಗ್ಗಿಸಿ, "ಸರಿ ಪೆರಿಯಮ್ಮ, ಹೋಗಿ" ಅಂದರು. ಪೆರಿಯಮ್ಮ ಎಂದರೆ ದೊಡ್ಡಮ್ಮ, ಅವರು ಅತ್ತೆಯನ್ನು ಮೊದಲಿನಿಂದ ಹಾಗೇ ಕರೆಯುತ್ತಿದ್ದದ್ದು. ಆದರೆ ಅದಾದ ಮೇಲೆ ನಲ್ಲಿಯ ಹತ್ತಿರ ಸಿಕ್ಕರೂ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ಮಳೆ ಸ್ವಲ್ಪ ಬಿಟ್ಟು ಎಲೆ ಒಣಗಿದ ಒಂದು ಮಧ್ಯಾಹ್ನ ಗಿಡ ಕೀಳಲು ಕೂತೆವು. ಮೊದಲ ಗಿಡಕ್ಕೆ ಅತ್ತೆ ಕೈ ಹಾಕಿ ಹಾಗೇ ಕೂತುಬಿಟ್ಟರು. ನಾನು ಕೀಳಲೇ ಎಂದರೆ, "ಬೇಡ, ನೆಟ್ಟವಳೇ ಕೀಳ್ಬೇಕು" ಎಂದರು. ಬೇಲಿಯ ಆಚೆ ಸದ್ದಾಯಿತು. ಅಮುದಮ್ಮ ಸೀರೆ ಎತ್ತಿ ಕಟ್ಟಿ ತಮ್ಮ ಟೊಮೆಟೊ ಗಿಡಗಳನ್ನು ಕಿತ್ತು ಗುಡ್ಡೆ ಹಾಕುತ್ತಿದ್ದರು. ಅತ್ತೆ ಅತ್ತ ನೋಡಿದರು. ಆಮೇಲೆ ತಮ್ಮ ಗಿಡ ಕಿತ್ತರು. ಹೊರಗೆ ನೆಲ ಒದ್ದೆಯಾಗಿ ಬೆಂಕಿ ಹಿಡಿಯುವಂತಿರಲಿಲ್ಲ, ಹಾಗಾಗಿ ನಮ್ಮ ಬಚ್ಚಲ ಒಲೆಗೇ ಎಲ್ಲವನ್ನೂ ತುರುಕಿದೆವು. ಕಾಯಿ ಸಮೇತ ಮೆಣಸಿನ ಗಿಡ ಸುಟ್ಟರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಘಾಟು ಎದ್ದು ಇಡೀ ಸಾಲು ಕೆಮ್ಮತೊಡಗಿತು. ಪಾಳಿ ಮುಗಿಸಿ ಮಲಗಿದ್ದವರೆಲ್ಲ ಬನಿಯನ್ನಿನಲ್ಲೇ ಬೀದಿಗೆ ಬಂದರು. ತೆಲುಗಿನವರೊಬ್ಬರು ಏನಾಯಿತು, ಏನಾಯಿತು ಎಂದು ಕೇಳುತ್ತಾ ಸೀನುತ್ತಿದ್ದರು. ಅಮುದಮ್ಮ ಕಣ್ಣೊರೆಸಿಕೊಳ್ಳುತ್ತಾ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತರು.

"ಪೆರಿಯಮ್ಮ, ನಿಮ್ ಮೆಣಸು ಸತ್ತ ಮೇಲೂ ಬಿಡಲ್ಲ ನೋಡಿ," ಅಂದರು.

ಅತ್ತೆ ನಕ್ಕರು. ಕೆಮ್ಮು, ನಗು, ಅಳು ಎಲ್ಲ ಒಟ್ಟಿಗೇ ಬಂದು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟರು. ಅಮುದಮ್ಮ ಅವರ ಬೆನ್ನು ಸವರುತ್ತಾ ನಿಂತರು.

ಕುಡಿಕೆಯಲ್ಲಿ ಬೀಜ ಉಳಿದದ್ದು ಒಂದು ಹಿಡಿಯೂ ಇರಲಿಲ್ಲ. ನಮ್ಮ ಮನೆಯವರು ಮೇಲಿನವರ ಅಪ್ಪಣೆ ಪಡೆದು ಪ್ರಯೋಗಶಾಲೆಯಿಂದ ಉದ್ದನೆಯ ಥರ್ಮಾಮೀಟರ್ ತಂದರು. "ಒಡೆದರೆ ನನ್ನ ಕೆಲಸ ಅಷ್ಟೇ," ಎಂದು ಹೇಳಿ, ತಾವೇ ಹಿಡಿದುಕೊಂಡು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಪೇಟೆಯ ಬೀಜದಲ್ಲಿ ಮೊದಲ ಸಲ ಮಾಡಿದಾಗ ಪಾತ್ರೆ ಒಲೆಯ ಮೇಲೇ ಇತ್ತು, ಪಾದರಸ ಸರ್ರನೆ ಮೇಲೇರಿತು. ಆ ಬೀಜ ಒಂದೂ ಹುಟ್ಟಲಿಲ್ಲ. ಎರಡನೆಯ ಸಲ ಪಾತ್ರೆ ಕೆಳಗಿಳಿಸಿ, ಬಿಸಿ ಇಳಿದಂತೆಲ್ಲ ಸೌಟಿನಿಂದ ಬಿಸಿನೀರು ಸೇರಿಸುತ್ತಾ ಹೋದೆವು. ಅವು ಮೊಳೆತವು. ಆಮೇಲೆ ಅತ್ತೆ ತಮ್ಮ ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತಂದರು. ಅರ್ಧ ಇಟ್ಟುಕೊಳ್ಳಿ ಎಂದೆ.

"ರೋಗದ ಬೀಜ ಇಟ್ಟುಕೊಂಡು ಏನು ಮಾಡ್ಲಿ? ಹಾಕು ಎಲ್ಲಾನೂ," ಅಂದರು.

ನಮ್ಮ ಮನೆಯವರು ಡಿಗ್ರಿ ಓದಿ ಹೇಳುವುದು, ನಾನು ಸೌಟಿನಲ್ಲಿ ನೀರು ಹೊಯ್ಯುವುದು, ಅತ್ತೆ ಗಂಟನ್ನು ಮೆಲ್ಲಗೆ ಆಡಿಸುವುದು. ಆ ಅರ್ಧ ಗಂಟೆ ಆ ಮನೆಯಲ್ಲಿ ನಾವು ಮೂವರೂ ಒಂದೇ ಪಾತ್ರೆಯ ಸುತ್ತ ಕೂತಿದ್ದೆವು. ಅಂಥದ್ದು ಹಿಂದೆ ಆಗಿರಲಿಲ್ಲ. ತಣ್ಣೀರಿನಲ್ಲಿ ಅದ್ದಿ, ನೆರಳಿನಲ್ಲಿ ಹರವಿ ಒಣಗಿಸಿದ ಮೇಲೆ ಸೂರಿನ ಕೆಳಗೆ ಮಳೆ ಸಿಡಿಯದ ಕಡೆ ಹೊಸ ಮಣ್ಣಿನ ಕುಂಡಗಳಲ್ಲಿ ಹಾಕಿದೆವು. ಬಹಳಷ್ಟು ಹುಟ್ಟಲಿಲ್ಲ. ಅತ್ತೆ ಬೆಳಿಗ್ಗೆ ಎದ್ದು ದೇವರ ದೀಪಕ್ಕೂ ಮೊದಲು ಕುಂಡ ನೋಡುವರು. ಒಂದು ದಿನ ನನ್ನನ್ನು ಕರೆದರು. ಕತ್ತು ಬಗ್ಗಿಸಿದ ಮೊಳಕೆ, ಒಂದಷ್ಟು. "ಬಂದ್ವು, ಶಾರದಾ," ಅಂದರು. ಮದುವೆಯಾದಾಗಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ನೆಡುವುದೆಲ್ಲಿ? ನಮ್ಮ ಹಿತ್ತಿಲು ಬೇಡ, ಅಮುದಮ್ಮನ ಹಿತ್ತಿಲೂ ಬೇಡ, ನಮ್ಮ ಅಂಗಳಕ್ಕೆ ಕಲ್ಲು ಹಾಸಿತ್ತು. ಅಮುದಮ್ಮ ತಮ್ಮ ಮುಂದಿನ ಅಂಗಳ ತೋರಿಸಿದರು. ಅಲ್ಲಿ ಅವರ ಕನಕಾಂಬರದ ಗಿಡಗಳಿದ್ದವು, ದಿನಾ ಮುಡಿಯುವ ಹೂವು. "ಹೂ ಗೋಡೆ ಪಕ್ಕ ಹಾಕ್ತೀನಿ. ನೀವು ಮೆಣಸು ಇಡಿ. ಕಾಯಿ ನಂಗೂ ಕೊಡಿ," ಅಂದರು. ಅತ್ತೆ ಬೇಡ ಅನ್ನುವಷ್ಟರಲ್ಲಿ ಗುದ್ದಲಿ ತಂದಿದ್ದರು.

ಗಾಳಿ ಆಡುವಷ್ಟು ದೂರ ದೂರ ನೆಟ್ಟೆವು. ನೀರು ಬುಡಕ್ಕೆ ಮಾತ್ರ, ಅದೂ ಬೆಳಿಗ್ಗೆ. ಬುಡಕ್ಕೆ ಒಣ ಹುಲ್ಲು ಹೊದಿಸಿದೆವು, ಮಣ್ಣು ಸಿಡಿಯದಂತೆ. ಮೈಲುತುತ್ತವನ್ನು ಮಣ್ಣಿನ ಮಡಕೆಯಲ್ಲಿ ಕರಗಿಸಿ, ಸುಣ್ಣದ ನೀರು ಬೇರೆ ಮಾಡಿ, ಎರಡನ್ನೂ ಕೂಡಿಸಿ, ನಮ್ಮ ಮನೆಯವರು ಉಜ್ಜಿ ಹೊಳಪು ಮಾಡಿದ ಚಾಕು ಅದ್ದಿ ನೋಡುವರು. ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅತ್ತೆಗೆ ಕಷ್ಟವಾದದ್ದು ಒಂದೇ, ಎಲೆ ಮುಟ್ಟದೆ ಇರುವುದು. ಹನಿ ಆರುವ ತನಕ ಅಮುದಮ್ಮನ ಜಗಲಿಯ ಮೇಲೆ ಕೈ ಕಟ್ಟಿಕೊಂಡು ಕೂತಿರುವರು. ಕೂತು ಕೂತು ಮಾತು ಶುರುವಾಯಿತು. ಮಾವಿನಗದ್ದೆಯ ಕೆರೆ, ಅತ್ತೆ ಬಾವಿಗೆ ಬಿದ್ದು ಬದುಕಿದ್ದು, ಮಾವ ಮದುವೆಯಲ್ಲಿ ಖಾರ ತಾಳದೆ ಅತ್ತದ್ದು. ಅಮುದಮ್ಮ ತಮ್ಮ ಊರಿನ ಕಥೆ ಹೇಳುವರು. ನಾನು ಇಬ್ಬರ ನಡುವೆ ಕೂತು ಬೀನ್ಸ್ ಬಿಡಿಸುತ್ತಾ ಕೇಳುತ್ತಿದ್ದೆ. ಆ ಮನೆಗೆ ನಾನು ನಿಜವಾಗಿ ಸೇರಿದ್ದು ಆ ಜಗಲಿಯ ಮೇಲೆ.

ಒಂದು ಗಿಡದಲ್ಲಿ ಮತ್ತೆ ಚುಕ್ಕೆ ಕಾಣಿಸಿತು. ಅತ್ತೆ ಅದನ್ನು ಅಂದೇ ಬೇರು ಸಮೇತ ಕಿತ್ತರು, ಕೈ ತೊಳೆದುಕೊಂಡು ಬಂದರು. ಉಳಿದವು ನಿಂತವು. ಚಳಿಗಾಲದ ಒಣ ಬಿಸಿಲಿಗೆ ಕಾಯಿ ಕುಂಕುಮವಾಗಿ ತಿರುಗಿದವು. ಒಳ್ಳೆಯ ಗಿಡ ಆರಿಸಿ, ಒಳ್ಳೆಯ ಹಣ್ಣು ಆರಿಸಿ ಬೀಜ ತೆಗೆದೆವು. ಮೇಷ್ಟ್ರಿಗೆ ಒಂದು ಪೊಟ್ಟಣ ಒಣಮೆಣಸು ಕೊಟ್ಟು ಬಂದೆ. ಅವರು ಒಂದನ್ನು ಮೂಸಿ ನೋಡಿ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡರು.

ಮುಂದಿನ ಬೇಸಿಗೆಯ ಕೊನೆಗೆ ಒಬ್ಬರು ಮನೆ ಹುಡುಕಿಕೊಂಡು ಬಂದರು. ಮಾವಿನಗದ್ದೆಯಲ್ಲಿ ಅತ್ತೆಯ ಪಕ್ಕದ ಮನೆಯವರಾಗಿದ್ದ ರುದ್ರಪ್ಪ. ಅವರಿಗೆ ದೂರದಲ್ಲೆಲ್ಲೋ ಹೊಸ ಜಾಗ ಸಿಕ್ಕಿತ್ತು. ನೀರು ಕುಡಿದು, ಕುಶಲ ಕೇಳಿ, ತಡೆದು ತಡೆದು ವಿಷಯ ಹೇಳಿದರು. ಊರಿನ ಮೆಣಸಿನ ಬೀಜ ತಂದು ಹಾಕಿದ್ದರು, ಎಲೆಯೆಲ್ಲ ಚುಕ್ಕೆಯಾಗಿ ಉದುರಿಹೋಯಿತು. ಬೇರೆಯವರದ್ದೂ ಹಾಗೇ ಆಯಿತು. ಈಗ ಯಾರ ಹತ್ತಿರವೂ ಇಲ್ಲ. "ನಿಮ್ಮ ಹತ್ರ ಏನಾದ್ರೂ ಉಳಿದಿದೆಯಾ ಗೌರಮ್ಮಾರೇ, ಕೇಳಿಹೋಗೋಣ ಅಂತ ಬಂದೆ."

ಅತ್ತೆ ಎದ್ದು ರುದ್ರಪ್ಪನವರನ್ನು ಅಮುದಮ್ಮನ ಅಂಗಳಕ್ಕೆ ಕರೆದುಕೊಂಡು ಹೋದರು. ಎಲೆ ತಿರುವಿ ಹೇಗೆ ನೋಡಬೇಕು, ಬೆಳಕಿಗೆ ಹೇಗೆ ಹಿಡಿಯಬೇಕು, ಒದ್ದೆ ಇರುವಾಗ ಯಾಕೆ ಮುಟ್ಟಬಾರದು, ಎಲ್ಲವನ್ನೂ ಹೇಳಿದರು. ಎಲೆಯಿಂದ ಹೊಗೆಯಂತೆ ಬರುವುದನ್ನು ತಾವೇ ಕಣ್ಣಾರೆ ನೋಡಿದ್ದನ್ನೂ ಹೇಳಿದರು. ರುದ್ರಪ್ಪನವರು ಬಾಯಿ ಬಿಟ್ಟುಕೊಂಡು ಕೇಳಿದರು. ಒಳಗೆ ಬಂದ ಮೇಲೆ ಅವರು ಹೆಗಲ ಮೇಲಿನ ಟವೆಲ್ಲು ಬಿಡಿಸಿ ಬೀಜಕ್ಕೆಂದು ಅತ್ತೆಯ ಮುಂದೆ ಹಿಡಿದರು.

ಅತ್ತೆ ಕುಡಿಕೆ ತಂದು ನನ್ನ ಕೈಗೆ ಕೊಟ್ಟರು.

"ಅವಳ ಕೈಯಿಂದ ಇಸ್ಕೊಳ್ಳಿ, ರುದ್ರಪ್ಪ," ಅಂದರು. "ಈಗ ಈ ಬೀಜದ ಮನೆಯವಳು ಅವಳೇ."

ನಾನು ಟವೆಲ್ಲಿಗೆ ಬೀಜ ಸುರಿದೆ.